ಭಾನುವಾರದ ಚರ್ಚೆ: ಜನರನ್ನು ಸ್ಥಳಾಂತರಿಸದಿದ್ದರೆ ಹೊಣೆ ಯಾರದು?

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 10ಕ್ಕೆ ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ ಸೇರೋಣ. ಮಳೆ ಬಂದರೆ ಟೌನ್‌ಹಾಲ್ ಹತ್ತಿರದ ಮಾಮೂಲಿ ಕೊಠಡಿ.

ವಿಷಯ: 2005ರ ಕತ್ರಿನಾ ಚಂಡಮಾರುತ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮೇಯರ್ ರೇ ನೇಗಿನ್ ಕಡ್ಡಾಯ ಸ್ಥಳಾಂತರಕ್ಕೆ ಆದೇಶಿಸಿದ್ದು ಆಗಸ್ಟ್ 28ಕ್ಕೆ. ಮರುದಿನ ಬೆಳಗ್ಗೆಯೇ ಚಂಡಮಾರುತ ಅಪ್ಪಳಿಸಿತು. ಕಾರಿಲ್ಲದ ಬಡವರು ಊರಲ್ಲೇ ಉಳಿದರು. ಅವರನ್ನು ಸಾಗಿಸಬಹುದಾಗಿದ್ದ ಶಾಲಾ ಬಸ್ಸುಗಳು ಸಾಲಾಗಿ ನಿಂತಲ್ಲೇ ಮುಳುಗಿದವು. ಆಮೇಲೆ ಮೇಯರ್, ಗವರ್ನರ್, ಕೇಂದ್ರ ಸರ್ಕಾರ ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದರು. ಅಲ್ಲಿನ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಮುಖ್ಯಸ್ಥ ಮೈಕೆಲ್ ಬ್ರೌನ್ ರಾಜೀನಾಮೆ ಕೊಟ್ಟರು. ಕಟಕಟೆ ಹತ್ತಿದ್ದು ಮಾತ್ರ 35 ಮಂದಿ ಸತ್ತ ನರ್ಸಿಂಗ್ ಹೋಮೊಂದರ ಮಾಲೀಕ ದಂಪತಿ; 2007ರಲ್ಲಿ ಅವರೂ ಖುಲಾಸೆ.

ನಮ್ಮ ವಿಪತ್ತು ನಿರ್ವಹಣಾ ಕಾಯ್ದೆ, 2005ರ 51, 56, 59ನೇ ಕಲಂ ಓದಿಕೊಂಡು ಬನ್ನಿ. ಕರ್ತವ್ಯ ಬಿಟ್ಟ ಅಧಿಕಾರಿಗೆ ಒಂದು ವರ್ಷದವರೆಗೆ ಜೈಲು ಎನ್ನುತ್ತದೆ 56. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೇಸೇ ನಡೆಸುವಂತಿಲ್ಲ ಎನ್ನುತ್ತದೆ 59. ಚರ್ಚೆ ಕಾವೇರುವುದು ಇಲ್ಲೇ ಅಂತ ನನ್ನ ಲೆಕ್ಕ. ಪಕ್ಷದ ಜಗಳ ಮಾತ್ರ ದಯವಿಟ್ಟು ಬೇಡ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ತಟ್ಟೆ ಇಡ್ಲಿ ಹೇಳಬೇಕು. ಬರೀ ಹೆಬ್ಬೆಟ್ಟಿನ ಇಮೋಜಿ ಒತ್ತಿದರೆ ಬರ್ತೀರೋ ಇಲ್ಲವೋ ಗೊತ್ತಾಗಲ್ಲ. ಶಿರಾ ಕಡೆಯವರಿಗೆ ಕಾರಲ್ಲಿ ಎರಡು ಸೀಟಿದೆ, ಬೇಕಾದವರು ತಿಳಿಸಿ.