ಅಂಕವಿಲ್ಲದ ಪೀರಿಯಡ್‌ಗೆ ಜೊತೆಯಾದವರಿಗೆ

ನಮ್ಮ ಪ್ರೌಢಶಾಲೆಯಲ್ಲಿ ಶನಿವಾರದ ಕೊನೆಯ ಪೀರಿಯಡ್ ತತ್ವಶಾಸ್ತ್ರ ಕಲಿತ ಮೊದಲ ಬ್ಯಾಚಿನ ಮಕ್ಕಳು ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದರು. ಫ್ರಾನ್ಸಿನಲ್ಲಿ ಶಾಲೆಯ ಕೊನೆಯ ವರ್ಷ ಈ ವಿಷಯಕ್ಕೇ ನಾಲ್ಕು ಗಂಟೆಯ ಪರೀಕ್ಷೆ ಇದೆ. ನಮ್ಮಲ್ಲಿ ಪಠ್ಯವಿಲ್ಲ, ಅಂಕವಂತೂ ಇಲ್ಲವೇ ಇಲ್ಲ. ಆದರೂ ತರಗತಿ ನಿಲ್ಲಲಿಲ್ಲ. ಅದರ ಋಣ ನನಗಿಂತ ಬೇರೆಯವರದು.

"ಯಾರಾದರೂ ಕೇಳಿದರೆ ನಾನು ಉತ್ತರ ಕೊಡ್ತೀನಿ, ನೀವು ನಡೆಸಿ" ಎಂದ ಹೆಡ್‌ಮಾಸ್ಟರ್‌ಗೆ ಮೊದಲ ನಮಸ್ಕಾರ. ಪರೀಕ್ಷೆ ಹತ್ತಿರ ಬಂದಾಗಲೂ ಆ ಪೀರಿಯಡ್ ಕೇಳದ ಗಣಿತ ಮೇಷ್ಟ್ರಿಗೆ ಇನ್ನೊಂದು. ಜನವರಿಯಲ್ಲಿ ಗಣಿತದವರು ಪೀರಿಯಡ್ ಕೇಳದೆ ಇರುವುದೆಂದರೆ ಏನೆಂದು ಮೇಷ್ಟ್ರುಗಳಿಗೆ ಗೊತ್ತು!

ಬಿಸಿಯೂಟದ ಅಕ್ಕಂದಿರಿಗೆ ಮಾತ್ರ ಒಂದು ಸಾಲು ಸಾಲದು. ಭಾರತದ ಹಳೆಯ ತರ್ಕಪದ್ಧತಿಯಾದ ನ್ಯಾಯದರ್ಶನದ 'ಅನುಮಾನ', ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ಬಗೆ, ಪಾಠ ಮಾಡುತ್ತಿದ್ದೆ: ಬೆಟ್ಟದಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಕಾಣುತ್ತಿದೆ, ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ನಮ್ಮ ಶಾಲೆ ಅಡುಗೆಮನೆಯಲ್ಲಿ ಗ್ಯಾಸು. ಬೆಂಕಿ ಇದೆ, ಹೊಗೆ ಎಲ್ಲಿ?" ಎಂದ. ಎಲ್ಲರನ್ನೂ ಅಲ್ಲಿಗೇ ಕರೆದುಕೊಂಡು ಹೋದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದ ಅಕ್ಕ, "ದೂರದಿಂದ ನೋಡಿದ್ರೆ ಇದೂ ಹೊಗೆ ಥರಾನೇ ಕಾಣುತ್ತೆ, ಇದು ಹಬೆ ಅಲ್ವಾ?" ಎಂದರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನಲ್ಲ ಎನ್ನಲು ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಬೆಂಕಿ ಇದ್ದೂ ಹೊಗೆ ಇಲ್ಲದ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಿದ್ದರು. ನಮಗೆ ಗ್ಯಾಸ್ ಒಲೆ ಸಾಕಾಯಿತು. ಹೊಗೆ ಹೊಗೆಯೇ ಹೌದೋ ಎಂಬ ಎಚ್ಚರವನ್ನು ಕಲಿಸಿದ್ದು ಆ ಅಕ್ಕ.

"ಇದೆಲ್ಲ ಯಾತಕ್ಕೆ ಸ್ವಾಮಿ?" ಎಂದು ಕೇಳಲು ಬಂದು, ಭಾರತದ ಹಳೆಯ ಭೌತವಾದಿಗಳಾದ ಚಾರ್ವಾಕರ ಪಾಠದ ದಿನ ಕೂತೇಬಿಟ್ಟ ತಂದೆಯೊಬ್ಬರಿದ್ದಾರೆ. ಚಾರ್ವಾಕರಿಗೆ ನೇರವಾಗಿ ಕಂಡದ್ದು ಮಾತ್ರ ಪ್ರಮಾಣ (ನಂಬತಕ್ಕ ಆಧಾರ) ಎಂದಾಗ, "ಹಾಗಾದ್ರೆ ಮೋಡ ನೋಡಿ ರಾಗಿ ಬಿತ್ತೋದು ಹೆಂಗೆ?" ಎಂದು ನನ್ನ ಮೇಲೇ ಬಿದ್ದರು. ಮಕ್ಕಳು ಎರಡು ಪಂಗಡವಾಗಿ ಬೆಲ್ ಹೊಡೆದರೂ ಏಳಲಿಲ್ಲ. ಹೀಗೆ ಜಗಳ ಆಡುವ ಪೋಷಕರು ಇನ್ನಷ್ಟು ಬರಲಿ.

ಜೂನ್‌ನಲ್ಲಿ ಹೊಸ ಬ್ಯಾಚು. ಮೊದಲ ಶನಿವಾರ ತಮಗೇ ಬೇಕೆಂದು ಗಣಿತ ಮೇಷ್ಟ್ರು ಪಟ್ಟು ಹಿಡಿದಿದ್ದಾರೆ. ಒಂದು ಚೌಕ ಬರೆದು, ಇದರ ಎರಡರಷ್ಟು ವಿಸ್ತೀರ್ಣದ ಚೌಕ ಬರೆಯಿರಿ ಎಂದು, ಸಾಕ್ರಟೀಸ್ ರೇಖಾಗಣಿತ ಕಲಿಯದ ಗುಲಾಮ ಹುಡುಗನಿಗೆ ಕೇಳಿದ ಹಾಗೆ ಕೇಳುತ್ತಾರಂತೆ. ಹತ್ತನೇ ಮುಗಿಸಿದ ಮಕ್ಕಳೇ, ನಿಮ್ಮ ತಮ್ಮ ತಂಗಿಯರು ಬಾಹುವನ್ನು ಎರಡರಷ್ಟು ಮಾಡಿ ಸಿಕ್ಕಿಹಾಕಿಕೊಳ್ಳಲಿ, ದಯವಿಟ್ಟು ಉತ್ತರ ಮೊದಲೇ ಹೇಳಿಬಿಡಬೇಡಿ.