ಇನ್ನು ಮುಂದೆ ನಮ್ಮ ಬಿಲ್ಲಿನ ಲಿಂಬ್‌ಗಳ ತುದಿ ಹೆಚ್ಚು ಬಾಗಿರುತ್ತದೆ

ಪ್ರಿಯ ಗ್ರಾಹಕರೇ,

ಈ ತಿಂಗಳಿಂದ ನಾವು ಕಳುಹಿಸುವ ಐಎಲ್‌ಎಫ್ (ಬೇರೆ ಬೇರೆ ತಯಾರಕರ ಬಿಲ್ಲಿಗೂ ಹೊಂದುವ ಜೋಡಣೆಯ) ಲಿಂಬ್‌ಗಳ, ಅಂದರೆ ಬಿಲ್ಲಿನ ಬಾಗುವ ತೋಳುಗಳ, ತುದಿ ಮೊದಲಿಗಿಂತ ಹೆಚ್ಚು ಬಾಗಿರುತ್ತದೆ. ಉದ್ದ, ರೈಸರ್‌ಗೆ (ಹಿಡಿಕೆಯಿರುವ ನಡುಭಾಗಕ್ಕೆ) ಕೂರುವ ಬಗೆ ಹಿಂದಿನಂತೆಯೇ ಇವೆ. ಎಳೆಯುವಾಗಿನ ಅನುಭವ ಮಾತ್ರ ಬೇರೆ.

ಹೆದೆ ಏರಿಸಿದಾಗ ಅದು ತುದಿಯ ಬಾಗಿಗೆ ಒರಗಿರುತ್ತದೆ. ಎಳೆದಂತೆ ಹೆದೆ ಲಿಂಬಿನಿಂದ ಕಳಚಿಕೊಳ್ಳುತ್ತದೆ, ಬಾಗು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಆಳವಾದ ಬಾಗಿನಲ್ಲಿ ಮೊದಲ ಇಂಚುಗಳಲ್ಲೇ ತೂಕ (ಎಳೆಯಲು ಬೇಕಾದ ಬಲ) ಬೇಗ ಏರಿ, ಕೊನೆಗೆ ಏರಿಕೆ ನಿಧಾನವಾಗುತ್ತದೆ. ಬಾಗು ಕಡಿಮೆಯಿದ್ದರೆ ಹೆದೆಗೂ ತುದಿಗೂ ನಡುವಿನ ಕೋನ ಬೇಗ 90 ಡಿಗ್ರಿಯ ಹತ್ತಿರ ಹೋಗುತ್ತದೆ; ಕ್ಲಿಕ್ಕರ್ (ಎಳೆತ ಪೂರ್ತಿಯಾದಾಗ ಟಿಕ್ ಎನ್ನುವ ಪಟ್ಟಿ) ಬಳಿ ಬಿಲ್ಲು ಏಕಾಏಕಿ ಬಿಗಿಯುವುದು ಅದಕ್ಕೇ.

ಲಿಂಬ್ ಮೇಲೆ ಬರೆದ ಪೌಂಡ್ 28 ಇಂಚಿನ ಎಳೆತಕ್ಕೆ. ಕಡಿಮೆ ಎಳೆಯುವವರು ಇಂಚಿಗೆ 2 ಪೌಂಡ್ ಕಳೆಯುವ ಲೆಕ್ಕ ಇಲ್ಲಿ ನಡೆಯದು, ಅಷ್ಟು ಇಳಿಯುವುದಿಲ್ಲ. 26 ಇಂಚು ಎಳೆಯುವವರು ಮೊದಲು 34 ಪೌಂಡ್‌ನ ಲಿಂಬ್ ತರಿಸುತ್ತಿದ್ದರೆ ಈಗ 32 ತರಿಸಿ. 25 ಇಂಚಿನವರು 68ರ ಬದಲು 66 ಇಂಚಿನ ಬಿಲ್ಲಿಗೆ ಹೋಗುವುದೇ ಒಳ್ಳೆಯದು, ಇಲ್ಲದಿದ್ದರೆ ಬಾಗು ಪೂರ್ತಿ ಬಿಚ್ಚುವುದೇ ಇಲ್ಲ.

ಅದೇ ಪೌಂಡ್‌ನಲ್ಲಿ ಹೆಚ್ಚು ಶಕ್ತಿ ಸೇರುವುದರಿಂದ ಬಾಣ ಮೃದುವಾದಂತೆ (ಹೆಚ್ಚು ಬಾಗುವಂತೆ) ವರ್ತಿಸುತ್ತದೆ. ಬಲಗೈಯವರಿಗೆ ಗರಿಯಿಲ್ಲದ ಬಾಣ ಗರಿಯಿರುವ ಬಾಣಗಳ ಗುಂಪಿನ ಬಲಕ್ಕೆ ಬಿದ್ದರೆ ತೂಕ ಇಳಿಯುವಂತೆ, ಲಿಂಬನ್ನು ರೈಸರ್‌ಗೆ ಹಿಡಿಯುವ ಲಿಂಬ್ ಬೋಲ್ಟ್ ಸ್ವಲ್ಪ ಸಡಿಲಿಸಿ (ಎರಡನ್ನೂ ಸಮನಾಗಿ, ತಯಾರಕರ ಮಿತಿಯೊಳಗೆ), ಇಲ್ಲವೇ ಗಟ್ಟಿ ಬಾಣಕ್ಕೆ ಬದಲಿಸಿ.

ನಾವು ಒತ್ತಿ ಹೇಳಬೇಕಾದದ್ದು ತಿರುಚಿನ ಬಗ್ಗೆ. ಬಾಗು ಹೆಚ್ಚಿದಷ್ಟೂ ಲಿಂಬ್ ಪಕ್ಕಕ್ಕೆ ತಿರುಚಿಕೊಳ್ಳುವುದು ಸುಲಭ. ಒಳಗೆ ಓರೆ ನೇಯ್ಗೆಯ ಕಾರ್ಬನ್ ಪದರ ಹಾಕಿರುವುದು ಇದನ್ನು ತಡೆಯಲು. ಆದರೂ ಕಾಲು ತೂರಿಸಿ ಹೆದೆ ಏರಿಸಬೇಡಿ, ಸ್ಟ್ರಿಂಗರ್ (ಹೆದೆ ಏರಿಸಲು ಬಳಸುವ ಹಗ್ಗ) ಬಳಸಿ. ಏರಿಸಿದ ಮೇಲೆ ಎರಡೂ ತುದಿಯಲ್ಲಿ ಹೆದೆ ತೋಡಿನ ನಡುವೆ ಕೂತಿದೆಯೇ ನೋಡಿ. ಬಿಲ್ಲನ್ನು ಎರಡು ಕುರ್ಚಿಗಳ ಬೆನ್ನಿನ ಮೇಲಿಟ್ಟು ಹಿಂದಿನಿಂದ ಗಮನಿಸಿ: ಹೆದೆ ಎರಡೂ ಲಿಂಬ್‌ಗಳ ನಡುಭಾಗದಲ್ಲಿ, ಸ್ಟೆಬಿಲೈಸರ್ (ಬಿಲ್ಲು ಅಲುಗದಂತೆ ರೈಸರ್‌ಗೆ ಸಿಕ್ಕಿಸುವ ಕಡ್ಡಿ) ಬೋಲ್ಟಿನ ಮೇಲೆ ಹಾಯಬೇಕು.

68 ಇಂಚಿನ ಬಿಲ್ಲಿಗೆ ಬ್ರೇಸ್ ಹೈಟ್ (ಹಿಡಿಕೆಯಿಂದ ಹೆದೆಗಿರುವ ಅಂತರ) 8¾ ಇಂಚಿನಿಂದ ಆರಂಭಿಸಿ. ಬಾಣ ಬಿಟ್ಟಾಗ ಟಪ್ಪೆಂಬ ಸದ್ದು ಬಂದರೆ ಹೆದೆಯ ಹುರಿ ಒಂದೆರಡು ಸುತ್ತು ಹೆಚ್ಚಿಸಿ ಮತ್ತೆ ಕೇಳಿ.

ಕಲಿಕೆಯ ತರಗತಿಗಳಿಗೆ ಹಳೆಯ ಆಕಾರವನ್ನೇ ಮುಂದುವರಿಸುತ್ತೇವೆ. ಕೈ ಇನ್ನೂ ನೆಟ್ಟಗಾಗದವರಿಗೆ ಅದು ತಪ್ಪುಗಳನ್ನು ಹೆಚ್ಚು ಸಹಿಸುತ್ತದೆ. ಆರ್ಡರ್‌ನಲ್ಲಿ ಯಾವುದು ಬೇಕೆಂದೂ, ನಿಮ್ಮ ಎಳೆತ ಎಷ್ಟು ಇಂಚೆಂದೂ ಬರೆಯಿರಿ.