ಗ್ರೂಪಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡೋ ರೀತಿ ಇದಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಅಡಿಕೆ ಬೆಳೆಗಾರರು ಕಾಯಿ ಉದುರಿಸೋ ಕೊಳೆರೋಗ ಬಂದ್ರೂ, ಎಲೆಚುಕ್ಕಿ ರೋಗ ಕಾಣಿಸಿದ್ರೂ, ರಾಶಿ ಇಡಿ ಅನ್ನೋ ಅಡಿಕೆ ರೇಟ್ ಬಿದ್ರೂ ಮೊದ್ಲು ಕೇಳೋದು ವಾಟ್ಸಾಪ್ ಗ್ರೂಪಲ್ಲೇ. ಅದು ತಪ್ಪು ಅಂತ ನಾನು ಹೇಳಲ್ಲ, ಇಲಾಖೆ ಆಫೀಸಿಗೆ ಹೋಗಿ ಬರೋಕೆ ಇಡೀ ದಿನ ಬೇಕು, ಜಡಿಮಳೆ ಹಿಡಿದಾಗ ಕೊಳೆ ಅಷ್ಟು ದಿನ ಕಾಯೋದೂ ಇಲ್ಲ. ಆದ್ರೆ ಕೇಳಿದವ್ರಿಗೆ ಅಲ್ಲಿ ಎಂತ ಉತ್ತರ ಸಿಗ್ತಾ ಇದೆ ಅನ್ನೋದನ್ನ ನೋಡಿ ತುಂಬಾ ಬೇಜಾರಾಗಿ ಈ ಪತ್ರ ಬರೀತಿದೀನಿ.

ಕಳೆದ ಮಳೆಗಾಲದಲ್ಲಿ ನಮ್ಮ ಗ್ರೂಪಲ್ಲಿ ಒಬ್ಬ ಹೆಣ್ಮಗಳು, ತೋಟ ಪೂರ್ತಿ ಅವರೇ ನೋಡ್ಕೊಳ್ಳೋದು, ಮರದ ಬುಡದಲ್ಲಿ ಉದುರಿ ಬಿದ್ದ ಹಸಿರು ಕಾಯಿ ಫೋಟೋ ಹಾಕಿ ಏನು ಮಾಡೋದು ಅಂತ ಕೇಳಿದ್ರು. ತೊಟ್ಟಿನ ಹತ್ರ ನೀರು ಕುಡಿದ ಹಾಗೆ ಕಪ್ಪಾಗಿದ್ದು, ಅಂದ್ರೆ ಕೊಳೆ ಅಂತ, ಫೋಟೋದಲ್ಲೇ ಕಾಣ್ತಿತ್ತು. ಅದಕ್ಕೆ ಬಂದಿದ್ದು ನೋಡಿ: ಕೈ ಮುಗಿಯೋ ಚಿಹ್ನೆಗಳು, ಯಾವುದೋ ಬೇರೆ ಜಿಲ್ಲೆಯ ವಿಡಿಯೋ, ಒಬ್ರ ಔಷಧಿ ಮಾರೋ ನಂಬರ್, ಇಷ್ಟೂ ಗೊತ್ತಿಲ್ದೆ ತೋಟ ಯಾಕೆ ಮಾಡ್ತೀರಿ ಅಂತ ಒಬ್ರು, ಆಮೇಲೆ ಎರಡು ಪಕ್ಷದವ್ರ ಜಗಳ ಶುರುವಾಗಿ ಆ ಫೋಟೋ ಎಲ್ಲೋ ಮೇಲೆ ಹೋಯ್ತು. ಮಧ್ಯೆ ಒಬ್ರು ಮೈಲುತುತ್ತ (ಕಾಪರ್ ಸಲ್ಫೇಟ್) ಡಬಲ್ ಹಾಕಿ ಹೊಡೆಸಿ, ಗ್ಯಾರಂಟಿ ಅಂತ ಬರೆದಿದ್ರು.

ಇದು ನಂಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು. ಕೊಳೆಗೆ ಹೊಡೆಯೋ ಬೋರ್ಡೋ ಔಷಧಿ ಅಂದ್ರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಅದು ಶೇ. 1ರ ದ್ರಾವಣ. ಎರಡನ್ನೂ ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯಬೇಕು, ಹೊಳಪಿರೋ ಕಬ್ಬಿಣದ ಚಾಕು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಬಣ್ಣ ಹಿಡಿದ್ರೆ ಸುಣ್ಣ ಸಾಲ್ದು ಅಂತ ಅರ್ಥ, ಇನ್ನಷ್ಟು ಹಾಕ್ಬೇಕು, ತಯಾರು ಮಾಡಿದ ದಿನವೇ ಹೊಡೆದು ಮುಗಿಸ್ಬೇಕು. ಸುಣ್ಣದ ಮಾತೇ ಎತ್ತದೆ ಮೈಲುತುತ್ತ ಮಾತ್ರ ಡಬಲ್ ಮಾಡಿದ್ರೆ ಎಳೇ ಕೊನೆ (ಅಡಿಕೆ ಗೊಂಚಲು) ಸುಟ್ಟು ಹೋಗತ್ತೆ. ಹಾಗೆ ಬರೆದವ್ರಿಗೆ ಎಂತ ನಷ್ಟವೂ ಇಲ್ಲ, ನಂಬಿ ಹೊಡೆಸಿದವ್ರ ಒಂದು ವರ್ಷದ ಫಸಲು ಹೋಗತ್ತೆ.

ಕೊನೆಗೆ ಒಬ್ರು ಹಿರಿಯರು ವಾಯ್ಸ್ ಮೆಸೇಜ್ ಹಾಕಿದ್ರು. ತಂಗಿ, ಮೊದಲ್ನೇ ಔಷಧಿ ಯಾವಾಗ ಹೊಡೆಸಿದ್ದು, ಮಳೆ ಹಿಡಿಯೋಕೆ ಮುಂಚೆಯೋ ಆಮೇಲೋ, ಅದಾಗಿ 40-45 ದಿನ ದಾಟಿತಾ, ಬಸಿಗಾಲುವೆಯಲ್ಲಿ ನೀರು ನಿಂತಿದೆಯಾ ಅಂತ ಕೇಳಿ, ಉದುರಿದ ಕಾಯಿ ಎಲ್ಲಾ ಹೆಕ್ಕಿ ತೋಟದಿಂದ ಹೊರಗೆ ಹಾಕಿಸು, ಮಳೆ ಬಿಟ್ಟು ಹೊಳವಾದ ತಕ್ಷಣ ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡರನ್ನ ಕರೆಸಿ ಇನ್ನೊಂದು ಸಲ ಹೊಡೆಸು, ನಮ್ಮ ತೋಟದಲ್ಲಿ ಹೀಗೆ ಮಾಡಿ ಅರ್ಧಕ್ಕರ್ಧ ಉಳ್ಕೊಂಡಿತ್ತು, ಪೂರ್ತಿ ಉಳೀತು ಅಂತ ನಾನು ಹೇಳಲ್ಲ ಅಂದ್ರು. ಉತ್ತರ ಅಂದ್ರೆ ನನ್ನ ಪ್ರಕಾರ ಇದು, ಮೊದ್ಲು ತಿಳ್ಕೊಂಡ್ರು, ಆಮೇಲೆ ತಾವು ಕಂಡಿದ್ದನ್ನ ಕಂಡಷ್ಟೇ ಹೇಳಿದ್ರು. ಅವ್ರನ್ನೂ ಒಬ್ರು ನಿಮ್ದು ಹಳೇ ಕಾಲ ಅಂತ ಹೀಗಳೆದ್ರು. ಈಗ ಆ ಹೆಣ್ಮಗಳು ಗ್ರೂಪಲ್ಲಿ ಏನೂ ಕೇಳಲ್ಲ, ಬೇಕಿದ್ರೆ ಆ ಹಿರಿಯರಿಗೇ ಪರ್ಸನಲ್ ಆಗಿ ಕೇಳ್ತಾರಂತೆ, ಅಂದ್ರೆ ನೂರಾರು ಜನಕ್ಕೆ ಸಿಗಬೇಕಾಗಿದ್ದ ಉತ್ತರ ಒಬ್ರಿಗೇ ಸಿಗ್ತಿದೆ. ಕೇಳಿದವ್ರೂ ಅಷ್ಟೇ, ಹೇಳಿದ ಹಾಗೆ ಮಾಡಿದ್ಮೇಲೆ ಏನಾಯ್ತು ಅಂತ ವಾಪಸ್ ಬಂದು ಒಂದು ಮಾತು ಬರೀಬೇಕು, ಬಹಳ ಜನ ಬರೆಯೋದೇ ಇಲ್ಲ.

ಮಂಗನಕಾಯಿಲೆ ಸೀಸನ್ನಲ್ಲಂತೂ ಇನ್ನೂ ಕಷ್ಟ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ ಇದು, ಉಣುಗು, ಅಂದ್ರೆ ಉಣ್ಣೆ ಹುಳ, ಕಚ್ಚಿ ಬರತ್ತೆ ಅಂತ ಇಲ್ಲಿಯವ್ರಿಗೆ ಹೊಸದಾಗಿ ಹೇಳ್ಬೇಕಿಲ್ಲ. ಆದ್ರೂ ಸತ್ತ ಮಂಗದ ಫೋಟೋ ಬರತ್ತೆ, ಯಾವ ಊರು, ಯಾವ ದಿನ ಅಂತ ಇರಲ್ಲ, ಯಾವ ವರ್ಷದ್ದೋ ಏನೋ, ನಿಜವಾಗಿ ಹಿತ್ತಲಲ್ಲಿ ಮಂಗ ಸತ್ತು ಬಿದ್ದಿದ್ರೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡೋದು ಬಿಟ್ಟು ಫಾರ್ವರ್ಡ್ ಮಾಡ್ತಾ ಕೂತ್ಕೊಂಡ್ರೆ ಹೇಗೆ? ಜ್ವರ ಬಂದವ್ರ ಹೆಸರು, ಮನೆ ಎಲ್ಲಾ ಹಾಕ್ತಾರೆ. ಇದು ದಯವಿಟ್ಟು ನಿಲ್ಬೇಕು. ಪದೇ ಪದೇ ಫಾರ್ವರ್ಡ್ ಆದ ಮೆಸೇಜಿಗೆ ವಾಟ್ಸಾಪಿನವ್ರೇ ಎರಡು ಬಾಣದ ಗುರುತು ಹಾಕ್ತಾರೆ, 2020ರಿಂದ ಅಂಥದ್ದನ್ನ ಒಂದು ಸಲಕ್ಕೆ ಒಂದೇ ಕಡೆ ಕಳಿಸೋಕಾಗೋದು, ಆ ಗುರುತು ಕಂಡಾಗಲಾದ್ರೂ ಒಂದು ನಿಮಿಷ ಯೋಚನೆ ಮಾಡ್ಬಹುದಲ್ವಾ.

ಇದಕ್ಕೆಲ್ಲ ಹೆದರಿ ಕೆಲವು ಅಡ್ಮಿನ್‌ಗಳು ತಾವು ಮಾತ್ರ ಬರೆಯೋ ಹಾಗೆ ಗ್ರೂಪ್ ಬಂದ್ ಮಾಡಿ ಇಟ್ಟಿದ್ದಾರೆ, ಅದು ನಂಗೆ ಸರಿ ಕಾಣಲ್ಲ. ಬೇರೆಯವ್ರು ಹಾಕಿದ ಪೋಸ್ಟಿಗೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಹೊರಿಸೋಕೆ ಬರಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಬಾಗಿಲು ಹಾಕೋ ಬದಲು ಹೀಯಾಳಿಸಿದ ಮೆಸೇಜ್ ಡಿಲೀಟ್ ಮಾಡಿ, ಬರೆದವ್ರಿಗೆ ಫೋನ್ ಮಾಡಿ ಮೆತ್ತಗೆ ಹೇಳಿ, ಮತ್ತೂ ಕೇಳದಿದ್ರೆ ತೆಗೀರಿ.

ಪತ್ರಿಕೆಯವ್ರಲ್ಲೂ ಎರಡು ವಿನಂತಿ ಇದೆ. ನಿಮ್ಮ ಫೇಸ್‌ಬುಕ್ ಪೇಜಲ್ಲಿ ಸುದ್ದಿ ಕೆಳಗೆ ಹೆಣ್ಮಕ್ಕಳ ಬಗ್ಗೆ, ಜಾತಿ ಬಗ್ಗೆ ಬರೋ ಹೊಲಸು ಕಮೆಂಟ್ ದಿನಗಟ್ಟಲೆ ಹಾಗೇ ಇರತ್ತೆ, ಅಚ್ಚಾಗೋ ಪತ್ರಕ್ಕೆ ಹೆಸರು ವಿಳಾಸ ಕೇಳಿ, ತಿದ್ದಿ ಹಾಕೋ ನೀವು ಅದನ್ನೂ ನೋಡೋಕೆ ಒಬ್ರನ್ನ ಇಡಿ. ಇನ್ನೊಂದು, ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚೆ ಬೋರ್ಡೋ ಮಾಡೋ ಕ್ರಮ, ಅಳತೆ, ಎಲೆಚುಕ್ಕಿಗೆ ಆ ವರ್ಷದ ಶಿಫಾರಸು ಎಲ್ಲಾ ಇರುವಕ್ಕಿ ಕೃಷಿ ವಿಶ್ವವಿದ್ಯಾಲಯದವ್ರ ಹತ್ರ ಕೇಳಿ, ಮೇಲೆ ತಾರೀಖು ದಪ್ಪಕ್ಕೆ ಹಾಕಿ ಅರ್ಧ ಪುಟ ಅಚ್ಚು ಮಾಡಿ. ಅದರ ಫೋಟೋ ತೆಗೆದು ಗ್ರೂಪಿಗೆ ಹಾಕೋ ಕೆಲಸ ನಾವು ಮಾಡ್ತೀವಿ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲೂಕು